ಕೂದಲೂ ಕೊಂಕದ ಶಾಫ್ಟ್

ಲಾರಿ ಅವಳದು. ಅಪ್ಪನಿಂದ ಬಂದದ್ದು, ಓಡಿಸುವವಳೂ ಅವಳೇ. ಹೆಂಚು, ಇಟ್ಟಿಗೆ ತುಂಬಿಕೊಂಡು ಊರೂರು ಸುತ್ತುತ್ತಿದ್ದಳು. ಗಂಡನಿಗೆ ನೀರಿನ ಪಂಪು ಮಾರುವ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಆದರೆ ಲಾರಿಯ ಶಾಫ್ಟ್, ಅಂದರೆ ಗೇರ್‌ಬಾಕ್ಸಿನ ತಿರುಗುವ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಕೊಳವೆ, ತಿರುಚಿಕೊಂಡ ದಿನ ಅವನೊಳಗಿನ ಎಂಜಿನಿಯರ್ ಎದ್ದು ಕೂತ.

"ಮೆಕ್ಯಾನಿಕ್‌ಗೆ ಕೊಡೋಣ," ಎಂದಳು.

"ಅವನಿಗೇನು ಗೊತ್ತು? ಮನೇಲೇ ಮಾಡ್ತೀನಿ. ಎಲ್ಲ ವಿಡಿಯೋದಲ್ಲಿ ನೋಡ್ಕೊಂಡಿದೀನಿ."

"ವಿಡಿಯೋ ನೋಡಿ ಈಜು ಕಲಿತವರ ಕಥೆ ನೀರಿಗಿಳಿದ ಮೇಲೆ ಗೊತ್ತಾಗುತ್ತೆ, ಬಿಡಿ."

ವರಾಂಡವೇ ಕಾರ್ಖಾನೆಯಾಯಿತು. ದಪ್ಪ ಕೊಳವೆ ತಂದು ಎರಡು ಊಟದ ಕುರ್ಚಿಗಳ ಮೇಲೆ ಮಲಗಿಸಿ, ಹಳೆಯ ಶಾಫ್ಟಿನ ಕೀಲುಗಳನ್ನು ಕತ್ತರಿಸಿ ಅದರ ತುದಿಗಳಿಗೆ ವೆಲ್ಡ್ ಮಾಡಿದ. ಕಿಡಿ ಹಾರಿ ಕಿಟಕಿಯ ಪರದೆ ಜರಡಿಯಾಯಿತು. ಕೊಳವೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಪರೀಕ್ಷೆ ಅಲ್ಲಿಗೆ ಮುಗಿಯಿತು. ಅತ್ತೆ ಬಾಗಿಲಲ್ಲಿ ಕೂತು, "ನನ್ನ ಮಗ ಮುಟ್ಟಿದ್ದೆಲ್ಲ ಚಿನ್ನ," ಎಂದರು. ಮಗ ಮುಟ್ಟಿದ್ದ ಫ್ಯಾನು, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಎಲ್ಲ ಅಟ್ಟದ ಮೇಲೆ ಚಿನ್ನವಾಗಿ ಬಿದ್ದಿದ್ದವು. ಸೊಸೆ ಅಟ್ಟದ ಕಡೆ ನೋಡಿದಳು ಅಷ್ಟೆ.

ಶಾಫ್ಟ್ ಕೂಡಿಸಿ ಹೊರಟಾಗ ಮೊದಮೊದಲು ಚೆನ್ನಾಗಿಯೇ ಇತ್ತು. ವೇಗ ಏರುತ್ತಲೇ ಕನ್ನಡಿ ನಡುಗಿತು, ಸೀಟು ನಡುಗಿತು, ಅವಳ ಮಾತೂ ನಡುಗಿತು.

"ಹೊಸದಲ್ವಾ, ಹೊಸ ಸೊಸೆ ಇದ್ದಂಗೆ. ಹೊಂದಿಕೊಳ್ಳುತ್ತೆ," ಎಂದ ಪಕ್ಕದಲ್ಲಿ ಕೂತಿದ್ದ ಗಂಡ.

"ಸೊಸೆ ಹೊಂದಿಕೊಂಡಿದ್ದು ಯಾವಾಗ ನೋಡಿದ್ರಿ?"

ಮುಂದಿನ ವಾರ ಹೆಂಚು ತುಂಬಿಕೊಂಡು ಒಬ್ಬಳೇ ಏರು ಹತ್ತುತ್ತಿದ್ದಾಗ ಕೆಳಗಿನಿಂದ ಕಬ್ಬಿಣ ಅಗಿದಂಥ ಸದ್ದು ಬಂತು. ಎಂಜಿನ್ ಕಿರುಚುತ್ತಿತ್ತು, ಲಾರಿ ಮಾತ್ರ ಹಿಂದಕ್ಕೆ ಜಾರುತ್ತಿತ್ತು. ಕನ್ನಡಿಯಲ್ಲಿ, ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಮುದುಕನೊಬ್ಬ ಕಂಡ. ಅವಳು ಬ್ರೇಕಿನ ಮೇಲೆ ಎದ್ದೇ ನಿಂತಳು. ಅವನಿಗೆ ತಾಗಲು ಇನ್ನೊಂದು ಮಾರು ಇದೆ ಎನ್ನುವಾಗ ಲಾರಿ ನಿಂತಿತು. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಮೆಕ್ಯಾನಿಕ್‌ಗೂ ಗಂಡನಿಗೂ ಫೋನ್ ಮಾಡಿದಳು.

ಗಂಡ ಸ್ಕೂಟರ್ ನಿಲ್ಲಿಸಿದವನೇ ಅವಳತ್ತ ನೋಡದೆ ಲಾರಿಯಡಿ ತೂರಿದ. ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಹಲ್ಲು ಕಿರಿಯುತ್ತ ಹೊರಬಂದ.

"ನನ್ನ ಶಾಫ್ಟಿನ ಕೂದಲೂ ಕೊಂಕಿಲ್ಲ."

ಆಗಲೇ ಬಂದು ಅಡಿಯಲ್ಲೆಲ್ಲ ನೋಡಿದ್ದ ಮೆಕ್ಯಾನಿಕ್, "ಹೌದು ಸಾರ್. ಅದು ಒದ್ದಾಡಿ ಒದ್ದಾಡಿ ಹಿಂದಿನ ಗಾಲಿ ತಿರುಗಿಸೋ ಹಲ್ಲುಚಕ್ರಾನೇ ಪುಡಿ ಮಾಡಿದೆ," ಎಂದ.

"ಅಂದ್ರೆ ಕಂಪನಿ ಮಾಲೇ ವೀಕು. ನೋಡಿದ್ಯಾ?"

ನೋಡಿದಳು. ಮನೆಯೇ ಕುಸಿದಿರುವಾಗ ತಾನಿಟ್ಟ ಬಾಗಿಲು ನೆಟ್ಟಗಿದೆ ಎಂದು ಬೀಗುವ ಮನುಷ್ಯನನ್ನು ನೋಡಿದಳು. ನಿನಗೇನಾದರೂ ಆಯಿತಾ ಎಂದು ಕೇಳಲು ಅವನಿಗಿನ್ನೂ ಪುರುಸೊತ್ತಾಗಿರಲಿಲ್ಲ. ಇಷ್ಟು ದಿನ ಅವನನ್ನು ನೋಡಿ ನಗಲಾದರೂ ಆಗುತ್ತಿತ್ತು; ಇವತ್ತು ನಗು ಬರಲಿಲ್ಲ, ಜಗಳ ಆಡುವಷ್ಟು ಮರ್ಯಾದೆ ಕೊಡಲೂ ಮನಸ್ಸಾಗಲಿಲ್ಲ.

"ಶಾಫ್ಟು, ಹಲ್ಲುಚಕ್ರ ಎರಡೂ ನಿಮ್ಮ ಗ್ಯಾರೇಜಲ್ಲೇ ಹೊಸದು ಹಾಕಿ," ಎಂದು ಮೆಕ್ಯಾನಿಕ್‌ಗೆ ಹೇಳಿ, ಗಂಡನ ಕೈಯಿಂದ ಸ್ಕೂಟರಿನ ಕೀಲಿ ತೆಗೆದುಕೊಂಡಳು. "ಬೇರೆ ಗಾಡಿಗೆ ಹೇಳಿದೀನಿ, ಬರುತ್ತೆ. ಹೆಂಚು ಒಂದೂ ಒಡೀದಂಗೆ ಇಳಿಸಿ, ಅದಕ್ಕೆ ತುಂಬಿಸಿ ಬನ್ನಿ."

"ನಾನೊಬ್ಬನೇನಾ?"

"ನಿಮ್ಮ ಶಾಫ್ಟ್ ಇದೆಯಲ್ಲ, ಜೊತೆಗೆ."

ಅವನು ಹೆಂಚಿನ ರಾಶಿಯತ್ತ ತಿರುಗುವಷ್ಟರಲ್ಲಿ ಸ್ಕೂಟರ್ ಇಳಿಜಾರಿನ ತಿರುವು ದಾಟಿತ್ತು.