ಸಕ್ಕರೆಯಿಲ್ಲದ ಮನೆ

ನಾಲ್ಕನೆಯ ಡಬ್ಬಿಯಲ್ಲೂ ಮೆಂತ್ಯವೇ ಸಿಕ್ಕಿತು. ಗೀತಾ ಮುಚ್ಚಳ ಹಾಕುವುದನ್ನೂ ಮರೆತು ಐದನೆಯದಕ್ಕೆ ಕೈ ಹಾಕಿದಳು.

“ಎಂತ ಹುಡುಕ್ತಾ ಇದ್ದೆ ಅತ್ಗೆ? ಪುರೋಹಿತ್ರು ಬಂದಾತು.”

“ಸಕ್ಕರೆ.”

ನಾದಿನಿ ವೇದಾ ಬಾಗಿಲಲ್ಲೇ ನಿಂತಳು. “ಈ ಮನೇಲಿ ಸಕ್ಕರೆಯಾ? ಇಪ್ಪತ್ತು ವರ್ಷ ಎಂಗೇ ಸಪ್ಪೆ ಕಷಾಯ ಕುಡಿಸಿ ಕಳಿಸಿದ್ದೆ ನೀನು.” ಅಳುವಿನ ನಡುವೆಯೂ ಅವಳಿಗೆ ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಇವತ್ತು ಒಲೆನೂ ಹಚ್ಚಲಾಗ. ಸಕ್ಕರೆ ಎಂತಕ್ಕೆ?”

ಗೀತಾ ಐದನೆಯ ಡಬ್ಬಿಯನ್ನೂ ಬದಿಗೆ ಸರಿಸಿದಳು.

ಶಿರಸಿಯ ಆ ಓಣಿಮನೆಯ ಜಗಲಿಯಲ್ಲಿ ಅವಳ ಗಂಡ ತಿಮ್ಮಣ್ಣ ಭಟ್ಟರನ್ನು ಮಲಗಿಸಿದ್ದರು. ಐವತ್ತು ವರ್ಷ ಸುತ್ತಲಿನ ಮದುವೆ, ಮುಂಜಿಗಳಿಗೆ ಅಡುಗೆ ಮಾಡಿದ ಮನುಷ್ಯ. ಮಕ್ಕಳಿಲ್ಲದ ಅವರಿಗೆ ತಮ್ಮನ ಮಗ ನವೀನನೇ ಕೊಳ್ಳಿ ಇಡಬೇಕು. ಸೂತಕ ಬಂದವನು ಅಡುಗೆ ಮುಟ್ಟುವಂತಿಲ್ಲವೆಂದು ಅವನು ಕಾನಸೂರಿನ ಮುಂಜಿಮನೆಯಲ್ಲಿ ಸಟ್ಟುಗವನ್ನು ಬೇರೆಯವರ ಕೈಗೆ ಕೊಟ್ಟು ಓಡಿ ಬಂದಿದ್ದ.

“ತಿಮ್ಮಣ್ಣ ಹೂರಣ ಹದಕ್ಕೆ ಬೈಂದು ಹೇಳಿ ಮೂಗಲ್ಲೇ ಹೇಳ್ತಿದ್ದ, ಮಾರಾಯ,” ಎಂದಿತು ಜಗಲಿಯ ಬೆಂಚಿನ ಮೇಲಿನ ಒಂದು ದನಿ.

“ಉಪ್ಪೂ ಮೂಗಲ್ಲೇ!” ಎಂದಿತು ಇನ್ನೊಂದು. “ಇವನ ಅಣ್ಣ ತಮ್ಮ ಇಬ್ರೂ ಅರವತ್ತು ಕಂಡಿದ್ವಿಲ್ಲೆ. ಇವಂಗೆ ಎಂಬತ್ತೊಂದು. ಎಲ್ಲಾ ಗೀತಕ್ಕ ಅಳೆದು ಬಡಿಸಿದ್ದಕ್ಕೆ.”

ಒಳಗಿದ್ದ ಗೀತಾಳಿಗೆ ಆ ಹೊಗಳಿಕೆ ಮುಳ್ಳಿನಂತೆ ನೆಟ್ಟಿತು.

*

ಅರವತ್ತರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ವೈದ್ಯರು ಚೀಟಿಯ ಹಿಂದೆ ಒಂದು ತಟ್ಟೆಯ ಚಿತ್ರ ಬರೆದುಕೊಟ್ಟಿದ್ದರು. ಅರ್ಧ ಸೊಪ್ಪು ತರಕಾರಿ, ಕಾಲು ಬೇಳೆಕಾಳು, ಉಳಿದ ಕಾಲಿನಲ್ಲಿ ಅನ್ನವೋ ರಾಗಿಯೋ. ಅದೇ ಕಾಯಿಲೆಗೆ ಮೈದುನನ ಕಾಲು ಕತ್ತರಿಸಿದ್ದನ್ನು ಗೀತಾ ಕಣ್ಣಾರೆ ಕಂಡಿದ್ದಳು. ಅವತ್ತೇ ಸಕ್ಕರೆ, ಬೆಲ್ಲದ ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟಳು. ತನಗೂ ಅದೇ ಊಟ ಬಡಿಸಿಕೊಂಡಳು.

ಭಟ್ಟರು ಊರವರಿಗೆಲ್ಲ ಜಿಲೇಬಿ ಕರಿದು ಬಂದು ಪಡವಲಕಾಯಿ ಪಲ್ಯದ ಮುಂದೆ ಕೂರುವರು. “ನಿನ್ನ ಡಾಕ್ಟ್ರು ಉಪ್ಪಿನಕಾಯಿಗೆ ಜಾಗವೇ ಬಿಟ್ಟಿದ್ವಿಲ್ಯನೆ?” ಎನ್ನುವರು. ನೈವೇದ್ಯಕ್ಕೆ ಮುನ್ನ ಅಡುಗೆಯವರು ರುಚಿ ನೋಡುವಂತಿಲ್ಲ. ಪರಿಮಳದಲ್ಲೇ ಪಾಕ ಅಳೆಯಬೇಕು. ನೈವೇದ್ಯವಾದ ಮೇಲೂ ಅವರು ಇಪ್ಪತ್ತೊಂದು ವರ್ಷ ಪರಿಮಳದಲ್ಲೇ ಉಳಿದರು.

*

ನಿನ್ನೆ ಮಧ್ಯಾಹ್ನ ಹಾಸಿಗೆಯಿಂದಲೇ ಕೇಳಿದ್ದರು. “ಒಂದು ಚಮಚ ಪಾಯಸ ಸಿಕ್ತನೆ?”

“ಬೆಳಿಗ್ಗೆ ಶುಗರ್ ಮುನ್ನೂರು ದಾಟಿತ್ತು. ನಾಳೆ ಇಳಿದ್ರೆ ಮಾಡನ.”

ಅವರು ವಾದ ಮಾಡಲಿಲ್ಲ. “ಅಡ್ಡಿಲ್ಲೆ. ನಾಳೆ,” ಎಂದು ಗೋಡೆಯ ಕಡೆ ಹೊರಳಿದರು. ಸಂಜೆ ಗೀತಾ ದೀಪ ಹಚ್ಚಿ ಬಂದು ಮುಟ್ಟಿದಾಗ ಮೈ ತಣ್ಣಗಾಗಿತ್ತು.

*

ಗೀತಾ ಬರಿಗಾಲಲ್ಲಿ, ಎಲ್ಲರೂ ನೋಡುತ್ತಿದ್ದಂತೆಯೇ ಓಣಿ ದಾಟಿ ಎದುರು ಮನೆಯ ಬಾಗಿಲಲ್ಲಿ ನಿಂತಳು.

“ಸಾಲೇಹಾ, ಒಂದು ಚಮಚ ಸಕ್ಕರೆ ಕೊಡೆ.”

ಇಷ್ಟು ವರ್ಷದ ನೆರೆಯಲ್ಲಿ ಗೀತಕ್ಕ ಕರಿಬೇವು ಕೇಳಿದ್ದುಂಟು, ಸಕ್ಕರೆ ಕೇಳಿದ್ದಿಲ್ಲ. ಸಾಲೇಹಾ ಏನೂ ಕೇಳದೆ ಒಳಗೆ ಹೋಗಿ ಬಂದಳು. “ಚಮಚ ಯಾಕಕ್ಕಾ, ಡಬ್ಬಿನೇ ತಗೊಂಡು ಹೋಗಿ.”

“ಅವ್ರಿಗೆ ಅಷ್ಟೆಲ್ಲ ಆಗೂದಿಲ್ಲ,” ಎಂದುಬಿಟ್ಟಳು ಗೀತಾ. ಹೇಳಿದ ಮಾತು ತನಗೇ ಕೇಳಿಸಿತು. ಡಬ್ಬಿಯನ್ನೇ ಎದೆಗವಚಿಕೊಂಡು ತಿರುಗಿದಳು.

ಜಗಲಿಯಲ್ಲಿ ಬಾಯಿಗೆ ನೀರು ಬಿಡುವ ಸರದಿ ನಡೆದಿತ್ತು. ಗೀತಾ ನೀರಿನ ತಂಬಿಗೆಗೆ ಸಕ್ಕರೆ ಸುರಿಯುವುದನ್ನು ಕಂಡು ವೇದಾ ಮುಂದೆ ಬಂದಳು. “ಅತ್ಗೆ, ಇದೆಂತ? ಶಾಸ್ತ್ರದಲ್ಲಿ ಇಲ್ದೇ ಇದ್ದದ್ದು! ಅದೂ ಆ ಮನೆದು!”

“ನಿನ್ನೆ ಪಾಯಸ ಕೇಳಿದ್ವು,” ಎಂದಳು ಗೀತಾ. “ಆನು ಕೊಟ್ಟಿದ್ನಿಲ್ಲೆ.”

ಪುರೋಹಿತರು ಪುಸ್ತಕದಿಂದ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ತುಳಸಿಯ ತಟ್ಟೆಯನ್ನು ಇತ್ತ ಸರಿಸಿದರು. “ಒಂದು ಎಲೆ ಹಾಕಿ ಬಿಡು, ತಂಗಿ. ಆತು.”

ಒಂದು ಚಮಚ ಬಿಟ್ಟಳು. ಎರಡು. ಮೂರು. ನೀರು ಒಳಗೆ ಇಳಿಯದೆ ಬಾಯಂಚಿನಿಂದ ಗಲ್ಲಕ್ಕೆ, ಗಲ್ಲದಿಂದ ಬಿಳಿ ಬಟ್ಟೆಗೆ ಹರಿಯಿತು. ಯಾರೂ ಒರೆಸಲಿಲ್ಲ.

ಚಟ್ಟಕ್ಕೆ ಕಟ್ಟುವ ಹೊತ್ತಿಗೆ ಹಸಿ ಬಿದಿರಿನ ಗೆಣ್ಣಿನಿಂದ ಒಂದು ಕಟ್ಟಿರುವೆ ಭಟ್ಟರ ಗಲ್ಲಕ್ಕೆ ಹತ್ತಿ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನವೀನ ಊದಲೆಂದು ಬಾಗಿದ.

“ಬೇಡ ತಮಾ,” ಎಂದಳು ಗೀತಾ.

ನಾಲ್ವರು ಹೆಗಲು ಕೊಟ್ಟರು. ತಿಮ್ಮಣ್ಣ ಭಟ್ಟರ ತುಟಿಯನ್ನು ಬಿಡದೆ ಕಚ್ಚಿಕೊಂಡ ಇರುವೆಗಳೂ ಅವರ ಜೊತೆಗೇ ಓಣಿ ದಾಟಿದವು.