ಅಣ್ಣನ ಊಟದ ಮೇಜು

ವೆಂಕಟರಾಮಪ್ಪ ತಮ್ಮನ ಮರಗೆಲಸದ ಕೊಟ್ಟಿಗೆಗೆ ಕಾಲಿಟ್ಟದ್ದು ಹದಿನೈದು ವರ್ಷಗಳಲ್ಲಿ ಅದೇ ಮೊದಲು. ಚಾಮರಾಜಪೇಟೆಯ ಹಿಂದಿನ ಬೀದಿಯಲ್ಲಿ ಜಟಕಾ ನಿಂತಾಗ ಧರ್ಮರಾಜು ಕುರ್ಚಿಯ ಕಾಲೊಂದನ್ನು ತೊಡೆಗೊತ್ತಿ ಹಿಡಿದು ನಯ ಮಾಡುತ್ತಿದ್ದ. ತಲೆಯೆತ್ತಿ ನೋಡಿದರೆ ಜರಿ ಅಂಚಿನ ಪೇಟ, ಕರೀ ಕೋಟು, ಬೆಳ್ಳಿ ಹಿಡಿಯ ಬೆತ್ತ. ದಂಡಿನ ಸಿಪಾಯಿಗಳ ಅಡಿಗೆಮನೆಗೆ ತರಕಾರಿ ಒದಗಿಸುವ ಗುತ್ತಿಗೆ ಹಿಡಿದ ಮೇಲೆ ಅಣ್ಣನ ಮೈಯೂ ದಪ್ಪವಾಗಿತ್ತು, ದನಿಯೂ ದಪ್ಪವಾಗಿತ್ತು.

"ಬಸವನಗುಡೀಲಿ ಮನೆ ಮುಗೀತಾ ಬಂತು ಕಣೋ," ಅಂದ ವೆಂಕಟರಾಮಪ್ಪ, ಮರದ ಹೊಟ್ಟು ಕಾಲಿಗೆ ತಾಗದ ಹಾಗೆ ನಿಂತುಕೊಂಡು. "ದಂಡಿನ ದೊರೆ ಬಂಗ್ಲೇಲಿ ನೋಡ್ದೆ. ಮನೆಮಂದಿಯೆಲ್ಲಾ ಒಟ್ಟಿಗೆ ಮೇಜಿನ ಸುತ್ತ ಕೂತು ಊಟ ಮಾಡ್ತಾರೆ. ನಮ್ಮನೇಲೂ ಹಂಗೇ ಆಗ್ಬೇಕು. ನೀನು ಅವರಿಗೆಲ್ಲಾ ಮಾಡಿಕೊಡ್ತೀಯಂತೆ. ನಂಗೂ ಒಂದು ಮೇಜು, ಆರು ಕುರ್ಚಿ ಮಾಡಿಕೊಡು."

"ಮಾಡಿಕೊಡ್ತೀನಿ. ದುಡ್ಡಿನ ಮಾತು ಬೇಡ. ಗೃಹಪ್ರವೇಶಕ್ಕೆ ನನ್ನ ಉಡುಗೊರೆ ಅಂತ ಇಟ್ಕೊ."

ವೆಂಕಟರಾಮಪ್ಪನಿಗೆ ಇದು ನಿರೀಕ್ಷೆಯಿಲ್ಲದ ಮಾತು. ಹೆಗಲು ಸಡಿಲವಾಯಿತು, ಮುಖದಲ್ಲಿ ನಗೆಯೂ ಬಂತು. "ಹಳೇದೆಲ್ಲಾ ಮರೆತೆ ಅನ್ನು."

"ನೀನು ಮರೆತಿದ್ದೀಯಲ್ಲಣ್ಣ, ಅಷ್ಟು ಸಾಕು," ಅಂದ ಧರ್ಮರಾಜು.

ಮರೆಯುವಂಥದ್ದಾಗಿರಲಿಲ್ಲ ಅದು. ತೊಂಬತ್ತೆಂಟರ ಪ್ಲೇಗಿನ ವರ್ಷ ಧರ್ಮರಾಜು ಕೋಲಾರದ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದ. ಹೆಂಡತಿ ಪಿಳ್ಳಮ್ಮ ತಿಗಳರಪೇಟೆಯ ಮನೆಯಲ್ಲಿ ಅವನ ಅಣ್ಣ ಅತ್ತಿಗೆಯರ ಜೊತೆ ಇದ್ದಳು. ಅವಳಿಗೆ ಜ್ವರ ಬಂತು. ಪ್ಲೇಗೋ ಬರೀ ಜ್ವರವೋ ಯಾರೂ ನೋಡಲಿಲ್ಲ. ಸರ್ಕಾರದವರಿಗೆ ಸುಳಿವು ಸಿಕ್ಕಿದರೆ ಮನೆಮಂದಿಯನ್ನೆಲ್ಲ ಊರಾಚೆಯ ಗುಡಿಸಲುಗಳಿಗೆ ಸಾಗಿಸುತ್ತಾರೆ, ಸೊಪ್ಪು ತರಕಾರಿ ತೋಟದಲ್ಲೇ ಕೊಳೆತು ಹೋಗುತ್ತದೆ ಎಂದು ಹೆದರಿ ವೆಂಕಟರಾಮಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ತೋಟದ ಮನೆಗೆ ಹೊರಟುಬಿಟ್ಟ. ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು. ಪಿಳ್ಳಮ್ಮ ಒಳಗಿದ್ದಳು.

ಧರ್ಮರಾಜು ಊರಿಗೆ ಬರುವ ಹೊತ್ತಿಗೆ ಅವಳ ಬೂದಿಯೂ ಇರಲಿಲ್ಲ. ಸರ್ಕಾರದವರು ಎತ್ತಿಕೊಂಡು ಹೋದರು, ಅಲ್ಲೇ ತೀರಿಕೊಂಡಳು ಎಂದ ಅಣ್ಣ. ಪಕ್ಕದ ಮನೆಯ ಪುಟ್ಟಯ್ಯ ಮಾತ್ರ ಅವನನ್ನು ಗೋಡೆಯ ಮರೆಗೆ ಕರೆದು ಅತ್ತುಬಿಟ್ಟ. "ಮೂರು ದಿನ ಬಾಗಿಲು ಬಡಿದಳಪ್ಪಾ. ನಾಲ್ಕನೇ ದಿನ ಸದ್ದು ನಿಂತುಹೋಯ್ತು. ಆಮೇಲೆ ಬಂಡಿಯವರು ಬಂದು ಬೀಗ ಒಡೆದು ಹೆಣ ತಗೊಂಡು ಹೋದ್ರು. ನಮ್ಮನೇಲೂ ಮಕ್ಕಳಿದ್ವು, ತೆಗೆಯೋಕೆ ಧೈರ್ಯ ಬರಲಿಲ್ಲ."

ಧರ್ಮರಾಜು ಆ ಮನೆಯೊಳಗೆ ಹೋದ. ಹೊಸ್ತಿಲ ಬಳಿ ಅವಳ ಹಿತ್ತಾಳೆ ಚೊಂಬು ಬಿದ್ದಿತ್ತು. ಅದರ ಬಾಯಿ ಜಜ್ಜಿಹೋಗಿತ್ತು. ಬಲಗಡೆಯ ಕದದ ಒಳಮೈಯಲ್ಲಿ, ಕೂತವರ ಕೈಗೆ ಎಟುಕುವ ಎತ್ತರದಲ್ಲಿ, ಚೊಂಬಿನ ಅಂಚು ಕಚ್ಚಿದ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ಮೇಲಿನವು ಆಳವಾಗಿದ್ದವು, ಕೆಳಗಿನವು ತೆಳುವಾಗಿದ್ದವು. ಕೂತು ಬಡಿಯುತ್ತಿದ್ದವಳು ಕೊನೆಗೆ ಮಲಗಿ ಬಡಿದಿದ್ದಳು.

"ಬೀಗ ಹಾಕಿದ್ದು ಯಾರು?" ಎಂದು ಅಣ್ಣನನ್ನು ಒಂದೇ ಒಂದು ಸಲ ಕೇಳಿದ. "ಪೊಲೀಸಿನವರು ಹಾಕಿರ್ಬೇಕು," ಎಂದು ಅಣ್ಣ ಬದನೆ ಪಾತಿಯ ಕಡೆ ಮುಖ ತಿರುಗಿಸಿದ. ಮನೆ ಮಾರುವಾಗ ಧರ್ಮರಾಜು ಪಾಲಿನಲ್ಲಿ ಬೇರೇನೂ ಕೇಳಲಿಲ್ಲ. ಆ ಎರಡು ತೇಗದ ಕದಗಳನ್ನು ಬಿಚ್ಚಿ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋದ. ದಂಡಿನ ಕಾರ್ಖಾನೆಯೊಂದರಲ್ಲಿ ಮೇಜು ಕುರ್ಚಿಯ ಕೆಲಸ ಕಲಿತ, ತನ್ನದೇ ಕೊಟ್ಟಿಗೆ ಹಾಕಿದ. ಇನ್ನೊಂದು ಮದುವೆಯ ಮಾತು ತಂದವರನ್ನು ಬಾಗಿಲಲ್ಲೇ ಕಳಿಸಿದ. ಕದಗಳು ಹಿಂದಿನ ಗೋಡೆಗೆ ಒರಗಿ ಗೋಣಿಯ ಕೆಳಗೆ ಹದಿನೈದು ವರ್ಷ ನಿಂತವು. ಮಚ್ಚು ಹಿಡಿದು ಹೋಗಬೇಕು ಅನಿಸಿದ ದಿನಗಳಿದ್ದವು. ಆದರೆ ಮಚ್ಚಿನದು ಒಂದು ಗಳಿಗೆಯ ಕೆಲಸ. ಪಿಳ್ಳಮ್ಮನಿಗೆ ಮೂರು ದಿನ ಹಿಡಿದಿತ್ತು.

ಈಗ ಅಣ್ಣ ತಾನಾಗಿ ಬಂದು ದಿನಕ್ಕೆರಡು ಸಲ ಕೂರುವ ಜಾಗ ಮಾಡಿಕೊಡು ಎಂದು ಕೇಳಿದ್ದ.

ಜಟಕಾ ತಿರುಗಿದ ಕೂಡಲೇ ಧರ್ಮರಾಜು ನೆಲ ಗುಡಿಸಿ ಇದ್ದಿಲಿನಲ್ಲಿ ಮೇಜಿನ ಆಕಾರ ಬರೆಯಲು ಕೂತ. ಎರಡು ಕದಗಳನ್ನೂ ಜೋಡಿಸಿದರೆ ಆರು ಜನಕ್ಕೆ ಬೇಕಾದಷ್ಟು ಅಗಲ ಉದ್ದ ಆಗುತ್ತಿತ್ತು. ಒಳಮೈ ಮೇಲೆ ಬರಬೇಕು. ಯಜಮಾನ ಕೂರುವ ತಲೆಯ ಕಡೆ, ಅವನ ಬಲಗೈ ಎಲ್ಲಿ ಊರುತ್ತದೋ ಅಲ್ಲೇ ಆ ಗುರುತುಗಳು ಬೀಳಬೇಕು. ಅಂದಾಜಿನ ಮೇಲೆ ಬಿಡುವ ಕೆಲಸವಲ್ಲ ಅದು. ಅಳತೆ ತೆಗೆಯಲು ಅಣ್ಣನಿಗೆ ಹೇಳಿಕಳಿಸಿದ.

ವೆಂಕಟರಾಮಪ್ಪ ಬಂದು ಮಣೆಯ ಮೇಲೆ ನೆಟ್ಟಗೆ ಕೂತ. ಧರ್ಮರಾಜು ಅವನ ಮಂಡಿಯ ಎತ್ತರ, ಬೆನ್ನಿನ ಉದ್ದ, ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆ ತೆಗೆದ.

"ಊಟ ಮಾಡೋ ಹಾಗೆ ಕೈ ಚಾಚು. ಹಾಗೇ ಇರು. ತುತ್ತು ಎತ್ತು. ಈಗ ಕೈ ಇಳಿಸು."

"ದರ್ಜಿಗಿಂತ ಜಾಸ್ತಿ ಅಳೀತೀಯಲ್ಲೋ!" ಎಂದು ಅಣ್ಣ ನಕ್ಕ.

"ನಿಂಗೆ ಅಂತ ಮಾಡ್ತಿರೋದು. ಇನ್ನೊಬ್ಬರಿಗೆ ಹೊಂದಬಾರ್ದು."

ಎರಡು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ಮೊಳೆಗಳನ್ನು ಕಿತ್ತ, ಚಿಲಕದ ತೂತಿಗೆ ಬೀಟೆಯ ತುಂಡು ಕೂರಿಸಿದ. ಉಜ್ಜುಗೊರಡು ಹಾಕಿದಾಗ ತೇಗದಿಂದ ಹಳೇ ಮನೆಯ ಒಲೆಯ ಹೊಗೆ ವಾಸನೆ ಎದ್ದಿತು. ಗೊರಡು ಕೆಳಗಿಟ್ಟು ಅವನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಮೇಜೆಲ್ಲ ಕನ್ನಡಿಯಂತೆ ನಯವಾಯಿತು, ಗುರುತುಗಳಿದ್ದ ಗೇಣಗಲದ ಜಾಗವೊಂದನ್ನು ಬಿಟ್ಟು. ಅದರ ಮೇಲೆ ಬರೀ ಅರಗಿನ ಪಾಲಿಶ್ ಎಳೆದ. ಗೀರುಗಳೆಲ್ಲ ಇನ್ನೂ ಕಪ್ಪಗೆ ಎದ್ದು ಕಂಡವು. ಐದು ಕುರ್ಚಿಗಳನ್ನು ಹೊನ್ನೆಯಲ್ಲಿ ಹಗುರವಾಗಿ ಮಾಡಿದ. ಆರನೆಯದು ಅಣ್ಣನದು. ಬೀಟೆಯದು, ತೋಳಿದ್ದದ್ದು, ಇಬ್ಬರು ಹಿಡಿದರೆ ಮಾತ್ರ ಅಲುಗುವಂಥದ್ದು. ಮೇಜಿನ ಕಾಲುಗಳನ್ನು ತಲೆಯ ಕಡೆ ಮಾತ್ರ ಅಗಲಕ್ಕೆ ನಿಲ್ಲಿಸಿದ. ತೋಳಿನ ಕುರ್ಚಿ ಆ ಒಂದು ಕಡೆ ಬಿಟ್ಟು ಇನ್ನೆಲ್ಲೂ ಒಳಗೆ ಹೋಗದ ಹಾಗೆ.

ಗೃಹಪ್ರವೇಶದ ದಿನ ನೆಂಟರು ಮೇಜಿನ ಸುತ್ತ ಮುತ್ತಿಕೊಂಡರು. ಶಿವರುದ್ರಪ್ಪ ಎಂಬ ನಿವೃತ್ತ ಶಿರಸ್ತೇದಾರರು, ಬಂದವರಲ್ಲೆಲ್ಲ ದೊಡ್ಡ ಮನುಷ್ಯರು, ಮೇಜಿನ ಅಂಚು ಸವರಿ ಭೇಷ್ ಎಂದರು. ವೆಂಕಟರಾಮಪ್ಪ ಹಿಗ್ಗಿ ಹೀರೇಕಾಯಿಯಾಗಿ ತನ್ನ ಕುರ್ಚಿಯಲ್ಲಿ ಕೂತ. ಎಲೆ ಹಾಕಿದರು, ಬಡಿಸಿದರು. ಪಾಯಸಕ್ಕೆಂದು ಎಲೆಯನ್ನು ತುಸು ಎಡಕ್ಕೆ ಸರಿಸಿದಾಗ ಅವನ ಬೆರಳುಗಳು ಒರಟು ಜಾಗದ ಮೇಲೆ ಹರಿದವು. ಬಗ್ಗಿ ನೋಡಿದ. ಆಮೇಲೆ ಬೀಟೆಯ ತುಂಡು ಕೂರಿಸಿದ ಚಿಲಕದ ತೂತು ಕಂಡಿತು.

"ಯಾವೂರ ಮರವಯ್ಯಾ ಇದು?" ಎಂದು ಶಿವರುದ್ರಪ್ಪನವರು ಕೇಳಿದರು.

"ನಮ್ಮ ತಿಗಳರಪೇಟೆ ಮನೆ ಬಾಗಿಲು ಸ್ವಾಮಿ," ಅಂದ ಧರ್ಮರಾಜು, ಎಲ್ಲರಿಗೂ ಕೇಳುವಂತೆ. "ಗಟ್ಟಿ ಮರ. ಒಳಗಿಂದ ಮೂರು ದಿನ ಬಡಿದ್ರೂ ಬಿರುಕು ಬಿಡಲಿಲ್ಲ."

ಮರದ ಗಟ್ಟಿತನ ಹೊಗಳುತ್ತಿದ್ದಾನೆ ಎಂದುಕೊಂಡು ಜನ ತಲೆದೂಗಿದರು. ವೆಂಕಟರಾಮಪ್ಪ ಎಲೆಯನ್ನು ಮತ್ತೆ ಬಲಕ್ಕೆ ಎಳೆದು ಆ ಜಾಗ ಮುಚ್ಚಿದ. ತಮ್ಮ ಎದುರಿಗೆ ನಿಂತು ಅವನನ್ನೇ ನೋಡುತ್ತಿದ್ದ. ಪಾಯಸ ಲೋಟದಲ್ಲೇ ಉಳಿಯಿತು.

ಆಮೇಲಿನ ದಿನಗಳ ಸುದ್ದಿ ಧರ್ಮರಾಜುವಿಗೆ ಕೂತಲ್ಲಿಗೇ ಬರುತ್ತಿತ್ತು. ಅಣ್ಣ ಮೇಜಿಗೆ ಬಟ್ಟೆ ಹೊದಿಸಿದನಂತೆ, ಅತ್ತಿಗೆ ದ್ರೌಪದಮ್ಮ ಸಾರು ಚೆಲ್ಲುತ್ತದೆಂದು ಎತ್ತಿಬಿಟ್ಟಳಂತೆ. ಕುರ್ಚಿಯನ್ನು ಬೇರೆ ಕಡೆ ಹಾಕಿಸಲು ನೋಡಿದನಂತೆ, ಅಲ್ಲಿ ಹಿಡಿಯಲಿಲ್ಲವಂತೆ. ಊರೆಲ್ಲ ಹೊಗಳುವ ಉಡುಗೊರೆಯನ್ನು ಏನೆಂದು ಹೇಳಿ ಹೊರಗೆ ಹಾಕುವುದು? ಅವನ ಕೋಟು ಹೆಗಲಿನಿಂದ ಜೋಲತೊಡಗಿತು. ಪ್ರತಿ ಸುದ್ದಿಗೂ ಧರ್ಮರಾಜುವಿಗೆ ಆ ದಿನದ ಮುದ್ದೆ ರುಚಿಸುತ್ತಿತ್ತು.

ಮೂರನೇ ತಿಂಗಳು ಅಣ್ಣ ಮತ್ತೆ ಬಂದ. "ಒಂದು ಕಡೆ ಒರಟಾಗಿದೆ ಕಣೋ. ಕೈ ತರಚುತ್ತೆ. ಒಂದ್ಸಲ ಉಜ್ಜಿಬಿಡು."

"ತರಚಲಿ," ಎಂದು ಧರ್ಮರಾಜು ಗರಗಸ ಎತ್ತಿಕೊಂಡ.

ಅದಾದ ಕೆಲವು ದಿನಕ್ಕೆ ದ್ರೌಪದಮ್ಮ ಒಬ್ಬಳೇ ನಡೆದುಕೊಂಡು ಬಂದಳು. ಕೂರು ಎಂದರೂ ಕೂರಲಿಲ್ಲ.

"ಧರ್ಮಣ್ಣ, ಬೀಗ ಹಾಕಿದ್ದು ನಾನು," ಅಂದಳು. "ಅವರು ಹಾಕು ಅಂದ್ರು, ಮುತ್ಯಾಲು ಎದೇಹಾಲು ಕುಡಿಯೋ ಕೂಸು, ಹೆದರಿಕೊಂಡು ಹಾಕ್ದೆ. ಎರಡನೇ ದಿನ ತಡೆಯೋಕಾಗಲಿಲ್ಲ. ಕೀಲಿ ಕೊಟ್ಟು, ನೀರಾದ್ರೂ ಇಟ್ಟು ಬನ್ನಿ ಅಂತ ಅವರನ್ನ ಕಳಿಸ್ದೆ. ಬಂದು, ಮನೆ ಖಾಲಿ, ಸರ್ಕಾರದವರು ಕರ್ಕೊಂಡು ಹೋಗಿದಾರೆ ಅಂದ್ರು. ನಂಬ್ದೆ. ಈಗ ನಿದ್ದೇಲಿ ಬಡಬಡಿಸ್ತಾರೆ. ಹಿಡಿದು ಕೇಳ್ದೆ, ಒಪ್ಕೊಂಡ್ರು. ಅವತ್ತು ಅವಳು ಒಳಗಿದ್ದಳು. ಮಾತಾಡಿದಳು."

ಧರ್ಮರಾಜುವಿನ ಕೈಯಲ್ಲಿದ್ದ ಉಳಿ ನೆಲಕ್ಕೆ ಬಿತ್ತು. ಅಣ್ಣ ಓಡಿಹೋದ ಹೇಡಿ ಎಂದಷ್ಟೇ ಅವನು ಇಷ್ಟು ವರ್ಷ ತಿಳಿದಿದ್ದ. ಕೀಲಿ ಹಿಡಿದುಕೊಂಡು ಬಾಗಿಲವರೆಗೆ ಹೋಗಿ ಹಿಂದಿರುಗಿದವನು ಎಂದು ಗೊತ್ತಿರಲಿಲ್ಲ.

"ನಾನೂ ಅದೇ ಮೇಜಲ್ಲಿ ಕೂತು ಉಣ್ತೀನಿ," ಅಂದಳು ದ್ರೌಪದಮ್ಮ. "ನನ್ನ ಕಡೆ ಯಾಕೆ ಅಷ್ಟು ನಯ ಮಾಡ್ದೆ?"

"ನಿಮ್ಮ ಮೇಲೂ ನಂಗೆ ದಯೆ ಇಲ್ಲ ಅತ್ತಿಗೆಮ್ಮ."

"ದಯೆ ಕೇಳೋಕೆ ಬಂದಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ. ಮಕ್ಕಳೆಲ್ಲಾ ಇರ್ತಾರೆ."

ಭಾನುವಾರ ಅವನು ಹೋದಾಗ ಎಲ್ಲರೂ ಕೂತಿದ್ದರು. ವೆಂಕಟರಾಮಪ್ಪ ತಲೆಯ ಕಡೆ, ಅವನ ಎಡಕ್ಕೆ ಮಗ ಚಿಕ್ಕವೆಂಕಟಪ್ಪ ಮತ್ತು ಸೊಸೆ, ಬಲಕ್ಕೆ ಹದಿನೈದರ ಮಗಳು ಮುತ್ಯಾಲಮ್ಮ. ದ್ರೌಪದಮ್ಮ ಮುದ್ದೆ ಇಡುತ್ತಿದ್ದಳು. ಧರ್ಮರಾಜು ಕೂರಲಿಲ್ಲ. ಅಣ್ಣನ ಬಲಗೈಯ ಪಕ್ಕ ಬಂದು ನಿಂತ.

"ಅಣ್ಣಾ, ಎರಡನೇ ದಿನ ಮನೆ ಹತ್ರ ಹೋಗಿದ್ಯಂತೆ. ಏನು ಕೇಳಿಸ್ತು ಅಂತ ಮಕ್ಕಳ ಮುಂದೆ ಹೇಳು."

ವೆಂಕಟರಾಮಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೊಪ್ಪಿನ ಸಾರಿನ ಪಾತ್ರೆ ಕೆಳಗಿಟ್ಟು, "ಹೇಳಿ," ಅಂದಳು.

ಅವನು ತಟ್ಟೆಯನ್ನೇ ನೋಡುತ್ತ ಹೇಳಿದ. "ಕೆಮ್ಮು ಬಂತು ನಂಗೆ. ಕೆಮ್ಮಿಂದಲೇ ಗುರುತು ಹಿಡಿದುಬಿಟ್ಟಳು. 'ಭಾವಾ, ಜ್ವರ ಬಿಟ್ಟಿದೆ, ಬಾಗಿಲು ತೆಗೀರಿ, ನೀರಿಲ್ಲ' ಅಂದಳು."

"ನೀನೇನಂದೆ?"

"ಏನೂ ಅನ್ನಲಿಲ್ಲ. ಹೊರಗೆ ಬಂದು ಎಲ್ಲರಿಗೂ ಅಂಟಿಸ್ತಾಳೆ ಅಂತ ಭಯ ಆಯ್ತು. ಮೆಟ್ಟು ಕಳಚಿ ಕೈಲಿ ಹಿಡ್ಕೊಂಡು, ಸದ್ದಾಗದ ಹಾಗೆ ಬಂದ್ಬಿಟ್ಟೆ."

ಮುತ್ಯಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕವೆಂಕಟಪ್ಪ ಕೈ ತೊಳೆಯದೆ ಎದ್ದು ಹಜಾರಕ್ಕೆ ಹೋದ. ಅವನ ಹಿಂದೆಯೇ ಹೆಂಡತಿಯೂ ಎದ್ದಳು. ಧರ್ಮರಾಜು ಅಲ್ಲೇ ನಿಂತು ಅಣ್ಣನ ನಡುಗುವ ಗಲ್ಲ ನೋಡಿದ, ಕಣ್ಣು ತುಂಬ ನೋಡಿದ. ಅಯ್ಯೋ ಅನ್ನಿಸಲಿಲ್ಲ. ಬಾಯಾರಿದವನು ಬಾವಿಕಟ್ಟೆಯಲ್ಲಿ ನೀರು ಕುಡಿದಂತೆ ಕುಡಿದ ಆ ನೋಟವನ್ನು.

"ಹೇಳಿದ್ನಲ್ಲೋ," ಎಂದ ವೆಂಕಟರಾಮಪ್ಪ, ತಮ್ಮನ ಮುಂಗೈ ಹಿಡಿದು. "ಎಲ್ಲಾ ಹೇಳ್ಬಿಟ್ಟೆ. ಈಗಲಾದ್ರೂ ಅದನ್ನ ಉಜ್ಜಿಬಿಡು. ನಿನ್ನ ಕಾಲು ಹಿಡೀತೀನಿ."

"ಅವಳದ್ದು ಅಂತ ಉಳಿದಿರೋದು ಅದೊಂದೇ," ಎಂದು ಧರ್ಮರಾಜು ಕೈ ಬಿಡಿಸಿಕೊಂಡ. "ಉಜ್ಜಲ್ಲ. ಬೇರೆ ಯಾವ ಆಚಾರೀನ ಕರೆಸಿ ಉಜ್ಜಿಸಿದ್ರೂ, ಯಾಕೆ ಉಜ್ಜಿಸ್ದೆ ಅಂತ ಪೇಟೆಯಲ್ಲೆಲ್ಲಾ ಹೇಳ್ಕೊಂಡು ಬರ್ತೀನಿ."

ಹೊರಗೆ ಬಂದು ಬಸವಣ್ಣನ ಗುಡಿಯ ದಾರಿಯಲ್ಲಿ ಹುರಿದ ಕಡಲೆಕಾಯಿ ಕೊಂಡು, ಸುಲಿದು ತಿನ್ನುತ್ತ ಚಾಮರಾಜಪೇಟೆಯವರೆಗೆ ನಡೆದ. ಅಷ್ಟು ಹಗುರವಾಗಿ ಅವನು ಎಷ್ಟೋ ವರ್ಷಗಳಿಂದ ನಡೆದಿರಲಿಲ್ಲ.

ವೆಂಕಟರಾಮಪ್ಪ ಆ ತಿಂಗಳೇ ತೋಟದ ಮನೆಗೆ ಹೋಗಿ ಇರತೊಡಗಿದ. ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ದಂಡಿನ ಗುತ್ತಿಗೆ ಮಗನ ಕೈಗೆ ಬಂತು. ದ್ರೌಪದಮ್ಮ ದಿನಾ ಆಳಿನ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದಳು, ತಾನು ಮಾತ್ರ ಒಂದು ದಿನವೂ ಹೋಗಲಿಲ್ಲ. ಆರು ವರ್ಷ ಹಾಗೆ ಬದುಕಿ ಒಂದು ಮಳೆಗಾಲದಲ್ಲಿ ಅವನು ಸತ್ತ.

ಕುಲದ ಹಿರಿಯರು ಚಾಮರಾಜಪೇಟೆಗೆ ಬಂದರು. ಅವರಲ್ಲಿ ರಾಮಾಂಜಿನಪ್ಪ ಎಂಬಾತ, "ಒಡಹುಟ್ಟಿದವನಪ್ಪಾ, ಹೆಗಲು ಕೊಡೋಕೆ ಬಾ. ನಾಲ್ಕು ಜನ ಏನಂತಾರೆ?" ಎಂದ.

ಧರ್ಮರಾಜು ಮೈಮೇಲಿನ ಹೊಟ್ಟು ಕೊಡವಿಕೊಂಡು ಅವರಿಗೆಲ್ಲ ಕೂರಲು ಕುರ್ಚಿ ಹಾಕಿದ, ಕುಡಿಯಲು ನೀರು ಕೊಟ್ಟ. ಆಮೇಲೆ ತಾನು ಯಾಕೆ ಬರುವುದಿಲ್ಲ ಎನ್ನುವುದನ್ನು ತೊಂಬತ್ತೆಂಟರಿಂದ ಹಿಡಿದು, ಒಂದು ಮಾತೂ ಬಿಡದೆ, ಪಿಳ್ಳಮ್ಮನ ಹೆಸರು ಹೇಳಿ ಹೇಳಿದ.