ಮೂರು ಸಲ ಏರಿಸಿದ ನೆಲ

ಮಳೆ ನಿಂತು ಎರಡು ದಿನವಾಗಿದ್ದರೂ ಮೇಸ್ತ್ರಿಯ ಮನೆಯೊಳಗೆ ಇನ್ನೂ ಪಾದ ಮುಳುಗುವಷ್ಟು ನೀರಿತ್ತು. ತಾಯಿಯ ಮಂಚದ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟಿದ್ದ. ಮುದುಕಿ ಅದರ ಮೇಲೆ ಕಾಲು ಮಡಚಿ ಕೂತು, ಮಗ ಬಕೆಟ್ಟಿನಲ್ಲಿ ಮೊಗೆಮೊಗೆದು ಬೀದಿಗೆ ಚೆಲ್ಲುವುದನ್ನು ನೋಡುತ್ತಿದ್ದಳು. ಚೆಲ್ಲಿದ್ದರಲ್ಲಿ ಅರ್ಧ ಮತ್ತೆ ಒಳಗೇ ಬರುತ್ತಿತ್ತು. ಅವನ ರಟ್ಟೆ ಸೋತುಹೋಗಿತ್ತು.

ಮನೆ ಕಟ್ಟಿದ ಮೇಲೆ ನೆಲವನ್ನು ಅವನು ಮೂರು ಸಲ ಏರಿಸಿದ್ದ. ಬೀದಿಯವರ ನೆಲವನ್ನೆಲ್ಲ ಏರಿಸಿದವನೂ ಅವನೇ. ಒಬ್ಬರು ಒಂದು ಗೇಣು ಏರಿಸಿದರೆ ಪಕ್ಕದವರು ಒಂದೂವರೆ ಗೇಣು. ಈಗ ತನ್ನ ಮನೆಗೇ ಅವನು ಬಗ್ಗಿ ನುಗ್ಗಬೇಕಿತ್ತು. ನಾಲ್ಕನೇ ಸಲಕ್ಕೆ ಮಣ್ಣು ತರಿಸುತ್ತೇನೆ ಎಂದಾಗ ಹೆಂಡತಿ ಅಂದಳು: “ಇನ್ನೊಂದು ಸಲ ಏರಿಸಿದ್ರೆ ಫ್ಯಾನು ತಲೆಗೆ ಬಡಿಯುತ್ತೆ ರೀ. ಆಮೇಲೆ ತೆವಳ್ಕೊಂಡೇ ಸಂಸಾರ ಮಾಡೋಣ.”

ಅಷ್ಟರಲ್ಲಿ ವಾಲ್ವಣ್ಣ ಬಂದ. ಮೂವತ್ತು ವರ್ಷ ಊರಿನ ನೀರಿನ ವಾಲ್ವು ತಿರುಗಿಸಿ ನಿವೃತ್ತನಾದವನು. ಹೆಸರು ಹಾಗೇ ನಿಂತುಬಿಟ್ಟಿತ್ತು. ಕೈಯಲ್ಲೊಂದು ಅರ್ಜಿ. ಬೀದಿಯ ಕೊನೆಯ ತಗ್ಗು ಬಯಲಿನಲ್ಲಿ ಅಂಗಡಿ ಸಾಲು ಕಟ್ಟಲು ಊರಿನ ನಕ್ಷೆ ತಿದ್ದುತ್ತಿದ್ದಾರಂತೆ, ಆಕ್ಷೇಪಣೆಗೆ ನಾಳೆಯೇ ಕಡೇ ದಿನವಂತೆ. ಸಹಿ ಹಾಕು ಎಂದ.

ಮೇಸ್ತ್ರಿ ಬಕೆಟ್ಟು ಕೆಳಗಿಟ್ಟ. ಅಂಗಡಿ ಎದ್ದರೆ ತನಗೆ ವರ್ಷವಿಡೀ ಕೆಲಸ, ಸೊಳ್ಳೆ ಕಾಟವೂ ತಪ್ಪುತ್ತದೆ ಎಂದ. ಕಾಗದದಿಂದ ನೀರು ಇಳಿದದ್ದನ್ನು ತಾನಂತೂ ಕಂಡಿಲ್ಲ ಎಂದೂ ಸೇರಿಸಿದ.

ವಾಲ್ವಣ್ಣ ವಾದಕ್ಕಿಳಿಯಲಿಲ್ಲ. ಹಿಂದೆ ಇಂಥ ತಗ್ಗುಗಳು ನಾಲ್ಕಿದ್ದದ್ದನ್ನು ನೆನಪು ಮಾಡಿಕೊಟ್ಟ. ಒಂದು ಬಸ್ ನಿಲ್ದಾಣವಾಯಿತು, ಒಂದು ಬಡಾವಣೆ, ಒಂದು ಗೋದಾಮು; ಉಳಿದದ್ದು ಇದೊಂದೇ. ಒಂದೊಂದು ಮುಚ್ಚಿದಾಗಲೂ ಬೀದಿಯಲ್ಲಿ ನೀರು ಮೇಲೇರಿತು.

“ನಿನ್ನ ಬೋರ್‌ವೆಲ್ ಯಾವಾಗ ಬತ್ತಿದ್ದು, ಹೇಳು ಮೇಸ್ತ್ರಿ.”

“ಗೋದಾಮು ಎದ್ದ ಎರಡನೇ ಬೇಸಿಗೆಲಿ.”

“ನೀರು ನೆಲಕ್ಕೆ ಇಂಗೋ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿದ್ವಿ. ಮಳೆಗಾಲದಲ್ಲಿ ನೀರು ಮನೆಗೆ ಬರುತ್ತೆ, ಬೇಸಿಗೆಲಿ ಟ್ಯಾಂಕರಿಗೆ ಕಾಯ್ತೀವಿ. ನೀರು ನೋಡ್ಕೊಳ್ಳೋ ಆಫೀಸು ಬೇರೆ, ಎಲ್ಲಿ ಏನು ಕಟ್ಟಬೇಕು ಅನ್ನೋ ಆಫೀಸು ಬೇರೆ. ಮೂವತ್ತು ವರ್ಷದಲ್ಲಿ ಅವರಿಬ್ಬರೂ ಒಂದು ಮೇಜಿಗೆ ಕೂತಿದ್ದು ನಾನು ನೋಡ್ಲಿಲ್ಲಪ್ಪ.”

ಮಂಚದ ಮೇಲಿಂದ ತಾಯಿ ಕೇಳಿದಳು: “ಆ ಗೋದಾಮಿನ ತಗ್ಗಿಗೆ ಮಣ್ಣು ತುಂಬಿಸಿದ್ದು ನೀನೇ ಅಲ್ವೇನೋ?”

ಮೇಸ್ತ್ರಿ ಕೈ ಒರೆಸಿಕೊಂಡು ಅರ್ಜಿ ಇಸಿದುಕೊಂಡ. ಹೆಂಡತಿಯೂ ಸಹಿ ಹಾಕಿದಳು, ತಾಯಿ ಹೆಬ್ಬೆಟ್ಟು ಒತ್ತಿದಳು.

ಮರುದಿನ ಪುರಸಭೆಯ ಅಧಿಕಾರಿಯ ಮುಂದೆ ಅವನೇ ನಿಂತ. “ನಲವತ್ತು ಮನೆ ನೆಲ ಏರಿಸಿದೀನಿ ಸ್ವಾಮಿ. ಅದ್ರಿಂದ ಒಂದು ಕೊಡ ನೀರೂ ಕಮ್ಮಿ ಆಗ್ಲಿಲ್ಲ. ಪಕ್ಕದ ಮನೆಗೆ ತಳ್ಳಿದೆ, ಅಷ್ಟೆ. ಆ ಬಯಲು ನೀರಿಗೇ ಇರ್ಲಿ.”

ಅಧಿಕಾರಿ ಬರೆದುಕೊಂಡರು. ನಕ್ಷೆಯ ತೀರ್ಮಾನ ಇನ್ನೂ ಆಗಿಲ್ಲ. ಮೇಸ್ತ್ರಿ ವಾರಕ್ಕೊಮ್ಮೆ ಹೋಗಿ ವಿಚಾರಿಸಿಕೊಂಡು ಬರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಡಾವಣೆಯಲ್ಲೂ ಒಂದು ತಗ್ಗು ಉಳಿದಿರಬಹುದು. ಇವತ್ತೇ ಹೋಗಿ ನೋಡಿ ಬನ್ನಿ. ಅಲ್ಲಿ ಕಟ್ಟುತ್ತೇವೆ ಎಂದು ಯಾರಾದರೂ ನಕ್ಷೆ ಬಿಡಿಸಿದರೆ, ಇಲ್ಲಿ ನಿಲ್ಲುತ್ತಿದ್ದ ನೀರು ಇನ್ನು ಯಾರ ಮನೆಗೆ ಹೋಗಬೇಕು ಎಂದು ಕೇಳಿ. ಉತ್ತರ ಸಿಗುವ ತನಕ ಎದ್ದು ಬರಬೇಡಿ.